ಹಾಲಿನ ಲೆಕ್ಕದ ಪುಸ್ತಕ

ನಮ್ಮಮ್ಮ ತೀರಿಕೊಂಡದ್ದು 1991ರ ಮಳೆಗಾಲದಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಕಾಯಿಲೆ ಕ್ಯಾನ್ಸರು. ಡಾಕ್ಟರು ಅಣ್ಣನನ್ನು ಹೊರಗೆ ಕರೆದು ಹೇಳಿದರು. ಅಣ್ಣ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು, "ಅಮ್ಮನಿಗೆ ಗೊತ್ತಾಗಬಾರದು ಕಣೆ. ಹೊಟ್ಟೇಲಿ ಹುಣ್ಣು ಅಂತ ಹೇಳಿದೀನಿ. ನೀನು ಅಳುಮುಖ ಮಾಡ್ಕೊಂಡು ಒಳಗೆ ಹೋಗಬೇಡ" ಎಂದ. ನಾನು ನಲ್ಲಿಯಲ್ಲಿ ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದೆ. ಅಮ್ಮ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಊಟ ಆಯ್ತೇನೆ?" ಎಂದು ಕೇಳಿದಳು.

ಅಲ್ಲಿಂದ ಮುಂದಿನ ಮೂರು ವಾರ ನಾವಿಬ್ಬರೂ ಆಡಿದ್ದು ಇಂಥ ಮಾತುಗಳನ್ನೇ. ಗಂಜಿಗೆ ಉಪ್ಪು ಸಾಕೇ, ಊರಲ್ಲಿ ಮಳೆ ಬಂತೇ, ಪಕ್ಕದ ಮಂಚದವರ ಸೊಸೆ ಇವತ್ತಾದರೂ ಬಂದಳೇ. ಒಂದು ದಿನ ಅಮ್ಮ, "ಅಡುಗೆಮನೆ ಮೊಳೆಗೆ ತಗಲಿಹಾಕಿರೋ ಹಾಲಿನ ಲೆಕ್ಕದ ಪುಸ್ತಕ ತರಿಸು" ಎಂದಳು. ಅಣ್ಣ ಊರಿಗೆ ಹೋದವನು ತಂದುಕೊಟ್ಟ. ಅದರ ಹಿಂಬದಿಯ ಖಾಲಿ ಹಾಳೆಗಳಲ್ಲಿ ಅವಳು ಹೇಳಿದ್ದನ್ನು ನಾನು ಬರೆದುಕೊಳ್ಳಬೇಕು. ಮಲಗಿ ಮಲಗಿ ಬೇಸರವಾಗಿದೆ ಪಾಪ ಎಂದುಕೊಂಡು ಬರೆಯುತ್ತಾ ಹೋದೆ. ಅವಳು ಹೋದ ಮೇಲೆ ಆ ಪುಸ್ತಕ ನನ್ನ ಟ್ರಂಕಿನ ತಳ ಸೇರಿತು.

ಎಷ್ಟೋ ವರ್ಷಗಳ ನಂತರ ನನ್ನ ಮಗಳು ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದುವಾಗ ಮನೆಗೆ ತಂದ ಪುಸ್ತಕಗಳಲ್ಲಿ ಒಂದು ಹಳೆಯ ಅಮೆರಿಕನ್ ಪುಸ್ತಕವಿತ್ತು. 1965ರದು, ಹೆಸರು 'ಅವೇರ್‌ನೆಸ್ ಆಫ್ ಡೈಯಿಂಗ್', ಎಂದರೆ ಸಾವಿನ ಅರಿವು. ಸುಮ್ಮನೆ ತಿರುವಿಹಾಕುತ್ತಿದ್ದವಳು ಒಂದು ಅಧ್ಯಾಯದಲ್ಲಿ ನಿಂತುಬಿಟ್ಟೆ. ನಾನು, ಅಮ್ಮ, ಗಂಜಿಯ ಉಪ್ಪು ಎಲ್ಲವೂ ಅದರಲ್ಲಿದ್ದವು. ಸಾವಿರಾರು ಮೈಲಿ ಆಚೆಯವರಿಗೆ ನಮ್ಮ ವಾರ್ಡಿನ ಗುಟ್ಟು ಗೊತ್ತಾದದ್ದು ಹೇಗೆ? ಆ ಕುತೂಹಲದಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೋಗಿಗೆ ನಿಜ ಹೇಳದಿರುವುದು ನಮ್ಮ ದೇಶದ ಅಭ್ಯಾಸ ಮಾತ್ರ ಎಂದು ನಾನು ತಿಳಿದಿದ್ದೆ. ಹಾಗಲ್ಲ. 1961ರಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯ ಷಿಕಾಗೋದ 200ಕ್ಕೂ ಹೆಚ್ಚು ಮಂದಿ ವೈದ್ಯರನ್ನು ವಿಚಾರಿಸಿ ಪ್ರಕಟಿಸಿದ ಲೆಕ್ಕದಲ್ಲಿ, ನೂರಕ್ಕೆ ಸುಮಾರು 90 ಮಂದಿ ಕ್ಯಾನ್ಸರ್ ರೋಗಿಗೆ ಕಾಯಿಲೆಯ ಹೆಸರು ಹೇಳದಿರುವುದೇ ಮೇಲು ಎಂದಿದ್ದರು. ಎಷ್ಟು ಮಂದಿ ಹೇಳುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯಿತು. ಆದರೆ ಹೇಳದೆ ಇದ್ದಾಗ ಆ ಮಂಚದ ಸುತ್ತ ಏನು ನಡೆಯುತ್ತದೆ ಎಂಬುದು ಯಾವ ಅಂಕಿಯಲ್ಲೂ ಇರಲಿಲ್ಲ. ಅದನ್ನು ತಿಳಿಯಬೇಕಾದರೆ ಯಾರಾದರೂ ಅಲ್ಲಿ ಹೋಗಿ ಕೂರಬೇಕಿತ್ತು.

ಕೂತವರು ಸ್ಯಾನ್ ಫ್ರಾನ್ಸಿಸ್ಕೋದವರು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಗೆ ಆಗ ಹೆಲೆನ್ ನಾಮ್ ಎಂಬಾಕೆ ಡೀನ್. ನರ್ಸ್‌ಗಳೂ ಸಂಶೋಧನೆ ಮಾಡಬೇಕು ಎಂಬ ಹಟದಿಂದ ಆಕೆ 1960ರಲ್ಲಿ ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞನನ್ನು ಕರೆಸಿಕೊಂಡರು. ಆಮೇಲೆ ಬಾರ್ನಿ ಗ್ಲೇಸರ್ ಬಂದು ಸೇರಿದ. ಮೂರನೆಯವರು ಜೀನ್ ಕ್ವಿಂಟ್, ಸ್ವತಃ ನರ್ಸ್. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಅವರನ್ನೇ ಕೇಳಿ 1963ರಲ್ಲಿ ಬರೆದಿದ್ದರು. ಸ್ಟ್ರಾಸ್ ತಾಯಿಯನ್ನೂ ಗ್ಲೇಸರ್ ತಂದೆಯನ್ನೂ ಕಳೆದುಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಅವರ ಕೆಲಸದ ಹಿಂದೆ ಅವರ ಮನೆಯ ಸಂಕಟವೂ ಇತ್ತು ಎಂದೇ ನನಗೆ ಅನ್ನಿಸುತ್ತದೆ.

ಅವರು ಸುತ್ತಮುತ್ತಲಿನ ಆರು ಆಸ್ಪತ್ರೆಗಳಿಗೆ ಹೋದರು. ಕೈಯಲ್ಲಿ ಹೌದು-ಇಲ್ಲ ಎಂದು ಗುರುತು ಹಾಕುವ ಪಟ್ಟಿ ಇರಲಿಲ್ಲ. ವಾರ್ಡಿನಲ್ಲಿ ನಿಂತರು, ನರ್ಸ್‌ಗಳ ಹಿಂದೆ ನಡೆದರು, ಮಾತಾಡಿಸಿದರು, ಕಂಡದ್ದನ್ನು ಬರೆದುಕೊಂಡರು. ಮೊದಲು ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು, ಆಮೇಲೆ ಮಿದುಳಿನ ಆಪರೇಷನ್ ಆಗಿ ಪ್ರಜ್ಞೆ ತಪ್ಪಿದವರ ವಾರ್ಡು. ಇಲ್ಲಿ ರೋಗಿಗೆ ಗೊತ್ತಾಗುವ ಪ್ರಶ್ನೆಯೇ ಇಲ್ಲ. ಅಲ್ಲಿಂದ ಸಾವು ಬೇಗ ಬರುವ ತೀವ್ರ ನಿಗಾ ಘಟಕ, ನಿಧಾನವಾಗಿ ಬರುವ ಕ್ಯಾನ್ಸರ್ ವಾರ್ಡು. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆ ಕಂಡದ್ದರ ಪಕ್ಕ ಇಟ್ಟು ನೋಡುವುದು, ಎರಡರಲ್ಲೂ ಒಂದೇ ಎಳೆ ಕಂಡರೆ ಅದಕ್ಕೊಂದು ಹೆಸರಿಡುವುದು, ಆ ಹೆಸರು ಮೂರನೆಯ ಕಡೆಯೂ ನಿಲ್ಲುತ್ತದೆಯೇ ಎಂದು ಮತ್ತೆ ಹೋಗಿ ನೋಡುವುದು. ಅಕ್ಕಿ ಆರಿಸುವಾಗ ಮೊರವನ್ನು ಮತ್ತೆ ಮತ್ತೆ ಕೊಡವುವ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ರೋಗಿ ಸತ್ತಾಗ ನರ್ಸ್‌ಗಳು ತಮ್ಮತಮ್ಮಲ್ಲಿ ಆಡುವ ಮಾತನ್ನು ಅವರು ಗಮನಿಸಿದರು. ವಯಸ್ಸೇನು, ಮಕ್ಕಳು ಎಷ್ಟು ಸಣ್ಣವು, ಏನು ಓದಿದ್ದರು ಎಂಬಂಥ ಮಾತು ಪದೇಪದೇ ಬರುತ್ತಿತ್ತು. ಕೇಳುವವರಿಗೆ ಅದು ಬರೀ ಮರುಕ. ಆದರೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಬೇರೆಯೇ ಒಂದು ವಿಷಯ ಕಂಡಿತು. ಯಾರ ಸಾವು ಲೋಕಕ್ಕೆ ಎಷ್ಟು ನಷ್ಟ ಎಂದು ಅವರು ತಮಗರಿಯದೆಯೇ ತೂಗುತ್ತಿದ್ದರು, ಅದಕ್ಕೆ ತಕ್ಕಂತೆ ಆರೈಕೆಯೂ ಹೆಚ್ಚುಕಡಿಮೆಯಾಗುತ್ತಿತ್ತು. ಎಳೆಯರಿಗೆ ಹೆಚ್ಚು, ಮುದುಕರಿಗೆ ಕಡಿಮೆ. ಇದನ್ನು 'ಸಾಮಾಜಿಕ ನಷ್ಟ' ಎಂದು ಕರೆದು 1964ರಲ್ಲಿ ನರ್ಸ್‌ಗಳ ಪತ್ರಿಕೆಯಲ್ಲೇ ಪ್ರಕಟಿಸಿದರು. "ನೀವು ಮುದುಕರನ್ನು ಕಡೆಗಣಿಸುತ್ತೀರಾ?" ಎಂದು ನೇರವಾಗಿ ಕೇಳಿದ್ದರೆ ಯಾವ ನರ್ಸ್ ಹೌದು ಎನ್ನುತ್ತಿದ್ದಳು?

ಮುಖ್ಯ ಪುಸ್ತಕದಲ್ಲಿ ಅವರು ನಾಲ್ಕು ಬಗೆಯ ಅರಿವನ್ನು ಗುರುತಿಸಿದರು. ಎಲ್ಲರಿಗೂ ಗೊತ್ತು, ರೋಗಿಗೆ ಮಾತ್ರ ಗೊತ್ತಿಲ್ಲ, ಇದು ಮೊದಲನೆಯದು. ರೋಗಿಗೆ ಅನುಮಾನ, ಆತ ಹೊಂಚುಹಾಕಿ ನಿಜ ಹುಡುಕುತ್ತಾನೆ, ಇದು ಎರಡನೆಯದು. ನಾಲ್ಕನೆಯದರಲ್ಲಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಮಾತಾಡುತ್ತಾರೆ. ನನ್ನನ್ನು ನಿಲ್ಲಿಸಿದ್ದು ಮೂರನೆಯದು, ಪರಸ್ಪರ ನಟನೆ. ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದವರಂತೆ ಇರುತ್ತಾರೆ. ಅದಕ್ಕೂ ಕಟ್ಟುಪಾಡುಗಳಿವೆ. ಅಪಾಯದ ಮಾತು ಎತ್ತಬಾರದು. ಊಟ, ನಿದ್ದೆಯಂಥ ಸಲೀಸಾದ ಮಾತಿಗೇ ಅಂಟಿಕೊಳ್ಳಬೇಕು. ಯಾರಾದರೂ ಬಾಯಿತಪ್ಪಿದರೆ ಇಬ್ಬರೂ ಕೇಳಿಸದವರಂತೆ ದಾಟಿಬಿಡಬೇಕು. ಇದರಿಂದ ರೋಗಿಯ ಮರ್ಯಾದೆ ಒಂದಿಷ್ಟು ಉಳಿಯುತ್ತದೆ, ಆದರೆ ಹತ್ತಿರದವರ ಜೊತೆ ಮನಬಿಚ್ಚಿ ಮಾತಾಡುವ ಅವಕಾಶ ಹೋಗುತ್ತದೆ ಎಂದೂ ಬರೆದಿದ್ದರು. ಎಲ್ಲ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ. ತೆರೆದ ಮಾತಿನ ಕಷ್ಟಗಳಿಗೂ ಒಂದು ಅಧ್ಯಾಯ ಕೊಟ್ಟರು.

1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ತಮ್ಮ ಕೆಲಸದ ರೀತಿಯನ್ನೇ ಇನ್ನೊಂದು ಪುಸ್ತಕವಾಗಿ ಬರೆದರು. ಜನರ ಮಾತಿನಿಂದಲೇ ಸಿದ್ಧಾಂತ ಕಟ್ಟುವ ಆ ದಾರಿಯನ್ನು ಮುಂದೆ ನರ್ಸಿಂಗ್, ಶಿಕ್ಷಣ, ಸಮಾಜಸೇವೆ ಎಲ್ಲದರಲ್ಲೂ ಬಳಸಿದರು. ಅದೇ ವರ್ಷ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಆಕೆಯೂ ರೋಗಿಗಳ ಮಾತನ್ನು ಟೇಪ್ ಮಾಡಿಕೊಂಡು ಕೇಳಿದವರೇ. ನೋವು ಮೈಯದು ಮಾತ್ರವಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲ ಸೇರಿದ 'ಒಟ್ಟು ನೋವು' ಎಂಬ ಆಕೆಯ ತಿಳಿವಳಿಕೆ ಬಂದದ್ದು ರೋಗಿಗಳ ಮಾತಿನಿಂದ. ನಮ್ಮಲ್ಲಿ 1986ರಲ್ಲಿ ಮುಂಬೈಯಲ್ಲಿ ಶಾಂತಿ ಅವೇದನಾ ಶುರುವಾಯಿತು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಅಮೆರಿಕದಲ್ಲೂ ಗಾಳಿ ತಿರುಗಿತ್ತು: 1979ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 97 ಮಂದಿ ವೈದ್ಯರು ರೋಗಿಗೆ ಹೇಳುವುದೇ ಸರಿ ಎಂದಿದ್ದರು. ಮನೆಯವರು ಸೇರಿ ರೋಗಿಯಿಂದ ನಿಜ ಮುಚ್ಚಿಡುವುದರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2009ರಲ್ಲೂ ಬರೆಯಬೇಕಾಗಿ ಬಂದಿತ್ತು ಎಂದರೆ, ನಮ್ಮ ಮೆಟ್ಟಿಲ ಬಳಿಯ ಪಿಸುಮಾತು ಅಷ್ಟು ಬೇಗ ನಿಲ್ಲುವಂಥದ್ದಲ್ಲ.

ಮಗಳನ್ನು ನಾನು ಒಂದು ಪ್ರಶ್ನೆ ಕೇಳಿದೆ. "ಈ ಎಳೆಗಳೆಲ್ಲ ಮಾತಿನೊಳಗೇ ಇರುತ್ತವೋ, ಓದುವವರು ತುರುಕುತ್ತಾರೋ?" ಅವಳು ಇನ್ನೊಂದು ಬರಹ ತೋರಿಸಿದಳು. 2006ರಲ್ಲಿ ಇಬ್ಬರು ಹೆಂಗಸರು, ನ್ಯೂಜಿಲೆಂಡಿನ ವರ್ಜೀನಿಯಾ ಬ್ರೌನ್ ಮತ್ತು ಇಂಗ್ಲೆಂಡಿನ ವಿಕ್ಟೋರಿಯಾ ಕ್ಲಾರ್ಕ್, 'ಥೀಮ್ಯಾಟಿಕ್ ಅನಾಲಿಸಿಸ್' ಎಂಬ ರೀತಿಯನ್ನು ಬಿಡಿಸಿಟ್ಟ ಬರಹ. ಇದು ಗ್ಲೇಸರ್-ಸ್ಟ್ರಾಸ್ ಅವರ ದಾರಿಯೇ ಅಲ್ಲ, ಆದರೆ ಹತ್ತಿರದ ನಂಟು. ಎಲ್ಲರೂ ಬಳಸುತ್ತಿದ್ದರು, ಹೇಗೆ ಎಂದು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಇವರು ಆರು ಹಂತ ಮಾಡಿ ಹೇಳಿದರು. ಬರೆದುಕೊಂಡ ಮಾತನ್ನು ಮತ್ತೆ ಮತ್ತೆ ಓದುವುದು, ಸಾಲುಸಾಲಿಗೆ ಗುರುತು ಹಾಕುವುದು, ಗುರುತುಗಳಿಂದ ಎಳೆ ಹುಡುಕುವುದು, ಸಿಕ್ಕ ಎಳೆಯನ್ನು ಮೂಲದ ಜೊತೆ ತಾಳೆ ನೋಡುವುದು, ಹೆಸರಿಡುವುದು, ಬರೆಯುವುದು. ಎಳೆಗಳು ತಾವಾಗಿ ಎದ್ದುಬರುವುದಿಲ್ಲ, ಓದುವವಳೇ ಅದರಲ್ಲಿ ಪಾಲುಗಾರಳು, ಅದನ್ನು ಒಪ್ಪಿಕೊಂಡೇ ಬರೆಯಬೇಕು ಎಂಬುದು ಅವರ ಮಾತು.

ಇದಕ್ಕೆ ನಮ್ಮ ನಾಡಿನದೇ ಒಂದು ಸಾಕ್ಷಿಯಿದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಾಸವಿದ್ದು, ಕಂಡದ್ದನ್ನೆಲ್ಲ ಬರೆದುಕೊಂಡು, 18 ವರ್ಷ ಅದನ್ನು ವಿಂಗಡಿಸಿ ಸಿದ್ಧಪಡಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋಗೆ ದೂರವಲ್ಲದ ಸ್ಟ್ಯಾನ್‌ಫರ್ಡ್‌ಗೆ ಪುಸ್ತಕ ಬರೆಯಲು ಹೋದಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲಿದ್ದವು. ನೆನಪಿನಿಂದಲೇ ಬರೆ ಎಂದು ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞ ಸೂಚಿಸಿದರಂತೆ. ಹಾಗೆ ಬಂದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಅಚ್ಚಾಯಿತು. ಚೀಟಿಗಳು ಸುಟ್ಟರೂ ಅಲ್ಲಿ ಕೂತು ಕೇಳಿದ ಮನುಷ್ಯ ಉಳಿದಿದ್ದರು.

ನಾನೂ ಕೂತು ಕೇಳಿದವಳೇ ಅಲ್ಲವೇ? ಟ್ರಂಕಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದೆ. ಒಟ್ಟು 41 ಬಾಬ್ತು. ಎದುರುಮನೆಯವರ ಶಾವಿಗೆ ಒರಳು ನಮ್ಮ ಅಟ್ಟದಲ್ಲಿದೆ. ಚೀಟಿ ದುಡ್ಡು ಎರಡು ಕಂತು ಕೊಡಬೇಕು. ತಿರುಪತಿಯ ಮುಡಿಪು ದೇವರ ಗೂಡಿನ ಹಿಂದೆ ಇದೆ. ಹೂವಿನವಳ ಮಗಳ ಬಾಣಂತನಕ್ಕೆ ಹಳೇ ಸೀರೆ ಕೊಡ್ತೀನಿ ಅಂದಿದ್ದೆ. ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕಲು ನಿಮ್ಮ ಅತ್ತಿಗೆಗೆ ಹೇಳು. ಮೊದಲ ಸಲ ಓದಿದಾಗ ನಾನು ಇಟ್ಟ ಹೆಸರು 'ಮನೆವಾರ್ತೆ'. ಮಗಳು, "ಅದು ತಲೆಬರಹ ಆಯ್ತಮ್ಮ, ಎಳೆ ಅಲ್ಲ. ಇದನ್ನೆಲ್ಲ ಹೇಳಿ ಅಜ್ಜಿ ಏನು ಮಾಡ್ತಿದ್ದರು ಅಂತ ನೋಡು" ಎಂದಳು. ಮತ್ತೆ ಓದಿದೆ. ಹಿಂದಿರುಗಿಸಬೇಕಾದದ್ದು, ಮಾತುಕೊಟ್ಟದ್ದು, ತಾನು ಇಲ್ಲದಾಗ ಯಾರು ಮಾಡಬೇಕು ಎಂಬುದು. ಈ ಮೂರು ಗುಂಪಿಗೆ ಸೇರದ್ದು ಒಂದೇ ಉಳಿಯಿತು. ಹುಣ್ಣು ವಾಸಿಮಾಡಿಕೊಂಡು ಮನೆಗೆ ಹೋಗುವವಳ ಪಟ್ಟಿಯಲ್ಲ ಅದು. ಅಮ್ಮ ಋಣ ತೀರಿಸುತ್ತಿದ್ದಳು. ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ನಟನೆ ಕೆಡಿಸದೆ ಹೇಳಬೇಕಾದದ್ದನ್ನು ನನ್ನ ಕೈಯಲ್ಲೇ ಬರೆಸಿಟ್ಟಿದ್ದಳು.

ನನ್ನ ದುಃಖವೇ ಹೀಗೆ ಓದಿಸುತ್ತಿರಬಹುದು. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಉಳಿದ ಆ ಒಂದು ಬಾಬ್ತು 37ನೆಯದು. ಹೊಂದದ್ದನ್ನು ಬಿಸಾಡಬಾರದು, ಅದನ್ನೂ ಇಟ್ಟುಕೊಂಡು ಯೋಚಿಸಬೇಕು ಎಂದು ಮಗಳು ಹೇಳಿಕೊಟ್ಟಿದ್ದಳು. ನನ್ನದೇ ಅಕ್ಷರದಲ್ಲಿ, ಅವಳು ಹೇಳಿದ್ದನ್ನು ಯೋಚಿಸದೆ ಇಳಿಸಿಕೊಂಡ ಸಾಲು: 'ನಿನ್ನ ಬರವಣಿಗೆ ದುಂಡಗಿದೆ ಅಂತ ನಿಮ್ಮಪ್ಪ ಹೇಳೋರು. ನಿನಗೆ ಹೇಳಲಿಲ್ಲ.'

ಅದೂ ಒಂದು ಬಾಕಿಯೇ. ಅವಳು ಅದನ್ನೂ ತೀರಿಸಿಯೇ ಹೋಗಿದ್ದಳು. ಬರೆದುಕೊಂಡವಳಿಗೆ ಓದಲು ಬಂದದ್ದು ಮಾತ್ರ ತಡವಾಗಿ.