ಮೇಣದ ಬತ್ತಿಯಿಂದ ಸೀರಿಯಲ್ ಸೆಟ್ಟಿಗೆ

ಕ್ರಿಸ್‌ಮಸ್ ಮರಕ್ಕೆ ಮೊದಲೆಲ್ಲ ಉರಿಯುವ ಮೇಣದ ಬತ್ತಿಗಳನ್ನೇ ಸಿಕ್ಕಿಸುತ್ತಿದ್ದರು ಕಣ್ರೀ. ಕಡಿದು ತಂದ, ದಿನೇ ದಿನೇ ಒಣಗುವ ಮರ, ಅದರ ಮೇಲೆ ಬೆಂಕಿ! ಪಕ್ಕದಲ್ಲೊಂದು ಬಕೆಟ್ ನೀರಿಟ್ಟುಕೊಂಡು ಹಬ್ಬ ಮಾಡುವ ಧೈರ್ಯ ನೋಡಿ...

1882ರ ಡಿಸೆಂಬರಿನಲ್ಲಿ ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್, ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಕಟ್ಟಿದ. ಮರ ತಿರುಗುತ್ತಲೂ ಇತ್ತಂತೆ! 1903ರ ಹೊತ್ತಿಗೆ ಜೋಡಿಸಿಟ್ಟ ದೀಪದ ಸರಗಳೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದವು.

ಜ್ವಾಲೆ ಹೋಯಿತು, ಶಾಖ ಹೋಗಲಿಲ್ಲ. ಫಿಲಮೆಂಟ್ ಬಲ್ಬು ಕರೆಂಟಿನ ಬಹುಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ. ಈಗಿನ ಎಲ್‌ಇಡಿ ಸೀರಿಯಲ್ ಸೆಟ್ಟು ತಣ್ಣಗಿರುತ್ತದೆ, ನಿಜ. ಆದರೆ ಅದರ ಜೊತೆ ಹೀಟರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೇ ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಸಿಯಾಗುವುದು ಗೋಡೆಯೊಳಗಿನ ವೈರು. ಅದು ಹೊತ್ತಿಕೊಂಡರೆ ಬಕೆಟ್ ನೀರು ಸುರಿಯುವ ಹಾಗೂ ಇಲ್ಲ. ಮೊದಲು ಮೇನ್ ಸ್ವಿಚ್ ಆರಿಸಬೇಕು.