ಬೀದಿ ಬೆಕ್ಕಿನ ಮರಿಗಳನ್ನು ಪಳಗಿಸುವುದು

ಮನುಷ್ಯರ ಸಹವಾಸವಿಲ್ಲದೆ ಬೀದಿ, ಹಿತ್ತಲು, ಗೋದಾಮುಗಳಲ್ಲಿ ಹುಟ್ಟಿದ ಬೆಕ್ಕಿನ ಮರಿಗಳ ಭಯ ಬಿಡಿಸಿ, ಸಾಕುವ ಮನೆಗಳಿಗೆ ಒಗ್ಗಿಸುವ ಕೆಲಸ. ಇದರಲ್ಲಿ ವಯಸ್ಸೇ ಮುಖ್ಯ. ಮರಿ ಮನುಷ್ಯರನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಹುಟ್ಟಿದ 2ರಿಂದ 7 ವಾರಗಳೆಂಬುದು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ತಿಳಿದುಬಂತು. ಆಮೇಲೂ ಪಳಗಿಸಬಹುದು, ಆದರೆ ದಿನಗಳಲ್ಲಿ ಆಗುವುದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಮರಿಯನ್ನು ಮೊದಲು ಚಿಕ್ಕ ಕೋಣೆಯಲ್ಲಿಡಬೇಕು. ಅಡಗಲು ರಟ್ಟಿನ ಪೆಟ್ಟಿಗೆ ಬೇಕು. ಕೈಗೆಟುಕದ ಮಂಚದಡಿ, ಬೀರುವಿನ ಸಂದು ಬೇಡ. ಬುಸುಗುಟ್ಟುವುದು ಸಿಟ್ಟಲ್ಲ, ಹೆದರಿಕೆ. ಗದರಿದರೆ ಅಲ್ಲಿಯತನಕ ಗಳಿಸಿದ್ದೆಲ್ಲ ಹೋಗುತ್ತದೆ. ನೆಲದ ಮೇಲೆ ಕುಳಿತು, ದಿಟ್ಟಿಸಿ ನೋಡದೆ, ಮೆಲುದನಿಯಲ್ಲಿ ಮಾತಾಡುತ್ತ, ಉಪ್ಪಿಲ್ಲದೆ ಬೇಯಿಸಿ ನುರಿದ ಕೋಳಿಮಾಂಸವನ್ನು ಉದ್ದ ಚಮಚದಲ್ಲಿ ಚಾಚಬೇಕು. ದಿನೇ ದಿನೇ ಕೈ ಹತ್ತಿರ ಸರಿಸುತ್ತ ಹೋದರೆ, ಒಂದು ದಿನ ಮರಿ ಬೆರಳನ್ನೇ ನೆಕ್ಕುತ್ತದೆ. ತಿನ್ನುತ್ತಿರುವಾಗಲೇ ಕೆನ್ನೆ, ಗದ್ದ ಸವರಬೇಕು. ತಲೆಯ ಮೇಲಿಂದ ಇಳಿಯುವ ಕೈ ಮರಿಗೆ ಎರಗುವ ಹದ್ದಿನಂತೆ ಕಾಣುತ್ತದೆ. ಹಸುವಿನ ಹಾಲು ಕೊಡಬಾರದು. ಬೆಕ್ಕೆಂದರೆ ಹಾಲು ಎಂಬ ನಮ್ಮ ರೂಢಿ ಭೇದಿಗೆ ಕಾರಣವಾಗಿ, ಎಷ್ಟೋ ಎಳೆಮರಿಗಳ ಜೀವಕ್ಕೇ ಎರವಾಗಿದೆ.

ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ತಡಮಾಡದೆ ವೈದ್ಯರನ್ನು ಕಾಣಬೇಕು.

ಜಂತುಹುಳುವಿನ ಔಷಧಿ, ಲಸಿಕೆಗಳಾಗಿ, ಅಪರಿಚಿತರ ಮಡಿಲಲ್ಲೂ ಗುರುಗುಟ್ಟುತ್ತ ಮಲಗುವಂತಾದಾಗ ಮರಿಯನ್ನು ದತ್ತು ಕೊಡಬಹುದು. ಒಡಹುಟ್ಟಿದ ಎರಡನ್ನು ಜೊತೆಯಲ್ಲೇ ಕಳಿಸಿದರೆ ಹೊಸಮನೆಗೆ ಬೇಗ ಹೊಂದಿಕೊಳ್ಳುತ್ತವೆ. ತಾಯಿಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಕೆಲವೇ ತಿಂಗಳಲ್ಲಿ ಅದೇ ಮೂಲೆಯಲ್ಲಿ ಮತ್ತೊಂದು ಸೂಲು.