‘ಬಾಡಿಗೆ’ಗೆ ಹೊಟ್ಟೆ ಸೀಳಬೇಕೆ?

ಬಾಡಿಗೆ: ಕೊರಟಗೆರೆಯ ಗೋಡೆಯೊಂದರ ಮೇಲೆ ಸೀಮೆಸುಣ್ಣದ ಬರಹ: ‘ಮನೆ ಭಾಡಿಗೆಗೆ ಇದೆ’. ಮೂಲ ಸಂಸ್ಕೃತದ ‘ಭಾಟಕ’, ನಿಜ. ಕೂಲಿ, ಬಾಡಿಗೆ ಎರಡೂ ಅದರ ಅರ್ಥ. ಕನ್ನಡಕ್ಕೆ ಬಂದಾಗ ಮಹಾಪ್ರಾಣ ಉದುರಿತು. ಹಿಂದಿಯ ಭಾಡಾ, ಮರಾಠಿಯ ಭಾಡೆ ಅದನ್ನು ಉಳಿಸಿಕೊಂಡವು, ತಮಿಳಿನಲ್ಲಿ ವಾಡಗೈ.

ಆಟೋದವರ ಬಾಯಲ್ಲಿ ಮಾತ್ರ ಇದು ಹಣವಲ್ಲ, ಗಿರಾಕಿ: ‘ಬೆಳಗ್ಗಿಂದ ಒಂದು ಬಾಡಿಗೆನೂ ಆಗಿಲ್ಲ ಸಾರ್.’ ಎಷ್ಟು ಚೆಂದದ ಜಿಗಿತ!

ಸರ್ಕಾರದ ಲೆಕ್ಕಕ್ಕೆ ಬಾಡಿಗೆ ಎಂದರೆ ಮನೆಯದೇ. 2012 ಆಧಾರವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ವಸತಿಗೆ ನೂರರಲ್ಲಿ 21.67ರಷ್ಟು ತೂಕ, ಹಳ್ಳಿಯ ಸೂಚ್ಯಂಕದಲ್ಲಿ ವಸತಿಯ ಬಾಬತ್ತೇ ಇರಲಿಲ್ಲ. ಹೋಬಳಿ ಊರಲ್ಲಿ ಕೋಣೆ ಹಿಡಿದ ಮೇಷ್ಟ್ರು ತಿಂಗಳಾ ತೆರುತ್ತಿದ್ದುದು ಏನನ್ನೋ!

ಬೋರ್ಡು ಬರೆಸುವವರೇ, ‘ಬ’ದ ಹೊಟ್ಟೆ ಸೀಳಬೇಡಿ.